ಎರಡು ಡ್ರೈವ್, ಒಂದೇ ನಂಬರು: ಪಿಡಿಪಿ-11/23ರ ಡಿಸ್ಕ್ ರಿಪೇರಿ ಟಿಪ್ಪಣಿ

ಮಶೀನು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಪಿಡಿಪಿ-11/23 ಅನ್ನೋ ಹಳೆಯ ಮಿನಿ ಕಂಪ್ಯೂಟರು. ಡಿಸ್ಕ್ ಕಂಟ್ರೋಲರ್ ಆರ್‌ಎಲ್‌ವಿ12, ಅಂದರೆ ಎಂ8061 ಬೋರ್ಡು. ಅದಕ್ಕೆ ಎರಡು ಆರ್‌ಎಲ್02 ಡ್ರೈವ್‌ಗಳು. ಇವುಗಳಲ್ಲಿ ಡಿಸ್ಕಿನ ತಟ್ಟೆ ಹಾಕಿ ತೆಗೆಯುವಂಥದ್ದು, ಪ್ಲಾಸ್ಟಿಕ್ ಚಿಪ್ಪಿನೊಳಗಿರುತ್ತದೆ; ಅದಕ್ಕೆ ಪ್ಯಾಕ್ ಅನ್ನುತ್ತಾರೆ. ಎರಡೂ ಆರ್‌ಎಲ್02 ಅಂತ ಡ್ರೈವ್‌ಗಳ ಮುಂಭಾಗದ ಪಟ್ಟಿಯ ಮೇಲೆ ಬರೆದಿತ್ತು, ನಾನೂ ನಂಬಿದ್ದೆ.

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಈ ಮಶೀನು ಹುಟ್ಟಿದ ಸೀಮೆಯೇ ಇದು. ಮೇನಾರ್ಡ್ ಊರಿನ ಹಳೆಯ ಉಣ್ಣೆ ಗಿರಣಿಯೇ ಆ ಕಂಪನಿಯ ಮುಖ್ಯ ಕಚೇರಿಯಾಗಿತ್ತು. ಹಾಗಾಗಿ ಸುತ್ತಲಿನ ಮನೆಗಳ ಬೇಸ್‌ಮೆಂಟುಗಳಿಂದ ಈಗಲೂ ಆಗಾಗ ಇಂಥ ಪೆಟ್ಟಿಗೆಗಳು ಹೊರಬೀಳುತ್ತವೆ. ನನಗೆ ಸಿಕ್ಕಿದ್ದೂ ಹಾಗೆಯೇ: ಪುಕ್ಕಟೆ, ಆದರೆ ಹೊತ್ತೊಯ್ಯುವ ಜವಾಬ್ದಾರಿ ನಮ್ಮದು.

1. ಇಳಿಸಿಕೊಂಡು ಒರೆಸಿದ್ದು

ಒಂದೊಂದು ಡ್ರೈವ್ ಸುಮಾರು 34 ಕಿಲೋ. ಇಬ್ಬರಿಲ್ಲದೆ ಮುಟ್ಟಬೇಡಿ, ಸೊಂಟ ಹೋಗುತ್ತದೆ. ಸಾಗಿಸುವಾಗ ಡಿಸ್ಕನ್ನು ಓದಿ ಬರೆಯುವ ಹೆಡ್ಡುಗಳು ಅಲುಗಾಡದಂತೆ ಒಳಗೆ ಬಿಗಿದಿರುತ್ತಾರೆ. ಕರೆಂಟು ಕೊಡುವ ಮೊದಲು ಆ ಲಾಕ್ ಬಿಡಿಸಬೇಕು. ಬಿಡಿಸಿದೆ. ಹೆಡ್ಡುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಸ್ವಾಬ್‌ನಿಂದ ಒರೆಸಿ, ಪ್ಯಾಕ್ ಹಾಕದೆ ಒಂದಷ್ಟು ಹೊತ್ತು ಫ್ಯಾನ್ ಓಡಲು ಬಿಟ್ಟೆ. ವಿದ್ಯುತ್ ಸರಬರಾಜಿನ ವೋಲ್ಟೇಜುಗಳು ಎರಡರಲ್ಲೂ ಸರಿಯಿದ್ದವು. ಇಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ಇದನ್ನು ಮೊದಲ ಸಲ ಮಾಡುವವರಿಗೆ ಒಂದು ಮಾತು. ಕೇಬಲ್ ಹಾಕದೆ ಬರೀ ಡ್ರೈವ್‌ಗೆ ಕರೆಂಟು ಕೊಟ್ಟರೆ ಫಾಲ್ಟ್ ದೀಪ ಹತ್ತುತ್ತದೆ. ಕಂಟ್ರೋಲರ್‌ನಿಂದ ಬರಬೇಕಾದ ಸಿಸ್ಟಮ್ ಕ್ಲಾಕ್ ಸಿಗದಿದ್ದರೆ ಡ್ರೈವ್ ಅದನ್ನು ದೋಷವೆಂದೇ ಎಣಿಸುತ್ತದೆ. ಡ್ರೈವ್ ಕೆಟ್ಟಿದೆ ಅಂತ ಅಲ್ಲೇ ಬಿಚ್ಚಲು ಕೂರಬೇಡಿ.

2. ಕಾಯಿಲೆ

ಮೇಲಿನ ಡ್ರೈವ್ ಒಂದನ್ನೇ ಜೋಡಿಸಿ, ಅದರಲ್ಲಿ 0 ನಂಬರಿನ ಪ್ಲಗ್ ಹಾಕಿ, ಆರ್‌ಎಲ್02 ಪ್ಯಾಕ್ ಕೂರಿಸಿ ಲೋಡ್ ಗುಂಡಿ ಒತ್ತಿದರೆ ತಟ್ಟೆ ತಿರುಗಿ, ಹೆಡ್ ಒಳಹೋಗಿ, ರೆಡಿ ದೀಪ ಹತ್ತುತ್ತಿತ್ತು. ಆರ್‌ಟಿ-11, ಅಂದರೆ ಮಶೀನಿನ ಆಪರೇಟಿಂಗ್ ಸಿಸ್ಟಮ್, ಬೂಟ್ ಆಗುತ್ತಿತ್ತು. ಫೈಲುಗಳ ಪಟ್ಟಿ ಬಂತು. ಇಷ್ಟು ಹಳೆಯ ಪ್ಯಾಕ್ ಓದಿತಲ್ಲ ಅಂತ ಖುಷಿಯೋ ಖುಷಿ.

ಅದರ ಹಿಂದೆ ಕೆಳಗಿನ ಡ್ರೈವ್ ಸೇರಿಸಿ, ಅದಕ್ಕೆ 1ರ ಪ್ಲಗ್ ಹಾಕಿದೆ. ಸಾಲಿನ ಕೊನೆಯ ಡ್ರೈವ್‌ಗೆ ಹಾಕಬೇಕಾದ ಟರ್ಮಿನೇಟರನ್ನು ಮೇಲಿನದರಿಂದ ಕಿತ್ತು ಕೆಳಗಿನದಕ್ಕೆ ಹಚ್ಚಿದೆ. ಈಗ ಬೂಟೇ ಇಲ್ಲ. ಕೆಳಗಿನ ಡ್ರೈವ್‌ಗೆ ಪ್ಯಾಕ್ ಕೂಡ ಹಾಕಿರಲಿಲ್ಲ, ಸುಮ್ಮನೆ ಕೂತಿತ್ತು. ಆದರೂ ಮೇಲಿನ ಡ್ರೈವನ್ನು ಕೇಳಿದ ಕೂಡಲೇ ಅದರ ಫಾಲ್ಟ್ ದೀಪ ಹತ್ತುತ್ತಿತ್ತು.

3. ಓಡಿಟಿಯಲ್ಲಿ ನೇರವಾಗಿ ಕೇಳಿದ್ದು

ಆಪರೇಟಿಂಗ್ ಸಿಸ್ಟಮ್ ಕೊಡುವ ದೋಷದ ಸಾಲು ಇಂಥ ಕಡೆ ಉಪಯೋಗಕ್ಕೆ ಬರುವುದಿಲ್ಲ. ಅದು 'ಓದಲಾಗಲಿಲ್ಲ' ಅಂತ ಹೇಳಿ ಕೈತೊಳೆದುಕೊಳ್ಳುತ್ತದೆ. 11/23ರ ಪ್ರೊಸೆಸರ್‌ನೊಳಗೇ ಓಡಿಟಿ ಅನ್ನೋ ಪುಟ್ಟ ಮಾನಿಟರ್ ಇದೆ. ಮಶೀನನ್ನು ನಿಲ್ಲಿಸಿದರೆ ಕನ್ಸೋಲಿನಲ್ಲಿ @ ಗುರುತು ಬರುತ್ತದೆ. ಅಲ್ಲಿಂದ ಕಂಟ್ರೋಲರ್‌ನ ರಿಜಿಸ್ಟರುಗಳಿಗೆ (ಆದೇಶ, ಉತ್ತರ ಇಡುವ ಖಾನೆಗಳಿಗೆ) ಕೈಯಾರೆ ಬರೆದು, ಕೈಯಾರೆ ಓದಬಹುದು. ಕನ್ಸೋಲ್ ಅಂದರೆ ನನ್ನ ಲ್ಯಾಪ್‌ಟಾಪ್, ಸೀರಿಯಲ್ ಕೇಬಲ್, 9600 ಬಾಡ್.

ಶುರುವಿನಲ್ಲೇ ಒಂದು ಸಂಜೆ ವ್ಯರ್ಥವಾಯಿತು. ಕೈಪಿಡಿಯಲ್ಲಿ ಕಂಟ್ರೋಲರ್‌ನ ವಿಳಾಸ 174400 ಅಂತ ಇದೆ. ಅದನ್ನೇ ಹೊಡೆದೆ. ಉತ್ತರ ಬರುತ್ತಿತ್ತು, ಬರೆದದ್ದು ಉಳಿಯುತ್ತಲೂ ಇತ್ತು, ಡ್ರೈವ್ ಮಾತ್ರ ಅಲ್ಲಾಡುತ್ತಿರಲಿಲ್ಲ. ಅದು 16 ಬಿಟ್ಟಿನ ವಿಳಾಸ. 11/23ರ ಓಡಿಟಿಗೆ 18 ಬಿಟ್ಟಿನ ವಿಳಾಸವೇ ಬೇಕು: 774400. ನಾನು ಅಷ್ಟೂ ಹೊತ್ತು ಬರೆಯುತ್ತಿದ್ದದ್ದು ಸಾಮಾನ್ಯ ಮೆಮೊರಿಗೆ. ಇದೇ ವಂಶದ 11/73 ಇಟ್ಟುಕೊಂಡವರಿಗೆ ಅದೇ ರಿಜಿಸ್ಟರು 17774400.

ಡ್ರೈವ್‌ನ ಸ್ಥಿತಿ ಕೇಳುವ ವಿಧಾನ ಹೀಗೆ (ಎಲ್ಲವೂ ಆಕ್ಟಲ್, ಅಂದರೆ 0ಯಿಂದ 7ರವರೆಗಿನ ಅಂಕಿಗಳಲ್ಲೇ ಬರೆಯುವ ಎಣಿಕೆ):

774404ರಲ್ಲಿ 3 ಬರೆಯಿರಿ. ಸ್ಥಿತಿ ಬೇಕು ಅನ್ನುವುದರ ಗುರುತು ಅದು. ಹಳೆಯ ದೋಷಗಳನ್ನು ಅಳಿಸಿ ಕೇಳಬೇಕಾದರೆ 13.
774400ರಲ್ಲಿ 4 ಬರೆಯಿರಿ. ಇದು 0ನೇ ಡ್ರೈವ್‌ಗೆ. 1ಕ್ಕೆ 404, 2ಕ್ಕೆ 1004, 3ಕ್ಕೆ 1404.
774406 ತೆರೆದು ಓದಿ. ಉತ್ತರ ಅಲ್ಲಿರುತ್ತದೆ.

ಮೊದಲು 3, ಆಮೇಲೆ 13. ಈ ಕ್ರಮ ಮುಖ್ಯ. ನೇರ 13 ಹಾಕಿದರೆ ಏನು ದೋಷ ಇತ್ತು ಅನ್ನುವುದೇ ಅಳಿಸಿಹೋಗಬಹುದು.

ಮೇಲಿನ ಡ್ರೈವ್ ಒಂದೇ ಇದ್ದಾಗ, ದೋಷ ಅಳಿಸಿ ಕೇಳಿದರೆ 000235. ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಿ. ಕೊನೆಯ 5 ಅಂದರೆ ಹೆಡ್ಡು ಟ್ರ್ಯಾಕಿನ ಮೇಲೆ ಕೂತಿದೆ. 10 ಅಂದರೆ ಡಿಸ್ಕ್ ಒರೆಸುವ ಬ್ರಷ್ ಸ್ವಸ್ಥಾನದಲ್ಲಿದೆ. 20 ಅಂದರೆ ಹೆಡ್ಡುಗಳು ಪ್ಯಾಕಿನ ಮೇಲಿವೆ. 200 ಅಂದರೆ ಈ ಡ್ರೈವ್ ಆರ್‌ಎಲ್02. ಎಲ್ಲ ಕೂಡಿದರೆ 235. ಎರಡನೇ ಹೆಡ್ ಆಯ್ಕೆಯಾಗಿದ್ದರೆ ಇನ್ನೊಂದು 100 ಸೇರಿ 335.

ಎರಡೂ ಡ್ರೈವ್ ಸೇರಿಸಿ, 3 ಹಾಕಿ 0ಯನ್ನು ಕೇಳಿದೆ: 001635. ಬಿಡಿಸಿ ನೋಡಿ. 235 ಮೊದಲಿನದೇ. 1000 ಅಂದರೆ ಪ್ಯಾಕ್ ಹೊಸದಾಗಿ ಲೋಡ್ ಆಗಿದೆ ಅನ್ನುವ ಸೂಚನೆ, ಗಾಬರಿ ಬೇಡ. ಉಳಿದದ್ದು 400. 13 ಹಾಕಿ ಮತ್ತೆ ಕೇಳಿದೆ: 000635. ಪ್ಯಾಕಿನ ಸೂಚನೆ ಹೋಯಿತು, 400 ಹಾಗೇ ನಿಂತಿತು.

400 ಅಂದರೆ ಡ್ರೈವ್ ಸೆಲೆಕ್ಟ್ ಎರರ್: ಒಂದೇ ನಂಬರಿಗೆ ಒಂದಕ್ಕಿಂತ ಹೆಚ್ಚು ಡ್ರೈವ್ ಓಗೊಟ್ಟಿವೆ. ಹಾಗಾದರೆ 1 ಯಾರು? 404 ಹಾಕಿ ಕೇಳಿದೆ. 774400ರಲ್ಲಿ ಬಂದದ್ದು 102604. ಅದರಲ್ಲಿನ 2000 ಅಂದರೆ ನಿಗದಿತ ಹೊತ್ತಿನಲ್ಲಿ ಕೆಲಸ ಮುಗಿಯಲಿಲ್ಲ, ಅಂದರೆ ಆ ನಂಬರಿನವರು ಯಾರೂ ಇಲ್ಲ.

ಹಾಜರಿ ಕರೆದಾಗ ಒಂದು ಹೆಸರಿಗೆ ಇಬ್ಬರು 'ಯೆಸ್ ಸರ್' ಅಂದು, ಇನ್ನೊಂದು ಹೆಸರಿಗೆ ಯಾರೂ ಏಳದ ಹಾಗಾಗಿತ್ತು. 1 ಅಂತ ಬರೆದ ಪ್ಲಗ್ ಇಟ್ಟುಕೊಂಡ ಡ್ರೈವ್ ತನ್ನನ್ನು ತಾನು 0 ಅಂದುಕೊಂಡಿದೆ.

4. ಕೇಬಲ್, ಟರ್ಮಿನೇಟರ್: ಇಲ್ಲಿ ಏನೂ ಸಿಗಲಿಲ್ಲ

ಬೆಂಗಳೂರಿನ ನಮ್ಮ ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ಮಿನಿ ಕಂಪ್ಯೂಟರುಗಳ ಸರ್ವಿಸ್ ಎಂಜಿನಿಯರ್ ಆಗಿದ್ದವರು. ಭಾನುವಾರ ಫೋನಿನಲ್ಲಿ ಹೇಳಿದೆ.

"ಟರ್ಮಿನೇಟರ್ ನೋಡಿದ್ಯೇನೋ? ಕೊನೇ ಡ್ರೈವ್‌ಗೇ ಹಾಕಿದ್ಯಾ? ನಮ್ಮ ಕಾಲದಲ್ಲಿ ಅರ್ಧ ಕಂಪ್ಲೇಂಟು ಅಲ್ಲೇ ಇರ್ತಿತ್ತು."

"ಹಾಕಿದೀನಿ ಚಿಕ್ಕಪ್ಪ. ಆದ್ರೂ ಇನ್ನೊಂದ್ಸಲ ನೋಡ್ತೀನಿ."

ಅವರ ಅನುಮಾನ ಸುಳ್ಳೇನಲ್ಲ. ಕಂಟ್ರೋಲರ್‌ನಿಂದ ಡ್ರೈವ್‌ಗಳಿಗೆ ನಂಬರು ಹೋಗುವುದು ಎರಡು ಸೆಲೆಕ್ಟ್ ಗೆರೆಗಳಲ್ಲಿ, ಬೈನರಿಯಲ್ಲಿ. ಎರಡೂ 0 ಇದ್ದರೆ ಡ್ರೈವ್ 0. ಮೊದಲನೆಯ ಗೆರೆ ಮಾತ್ರ 1 ಇದ್ದರೆ ಡ್ರೈವ್ 1. ಹೀಗೆ ಮೂರರವರೆಗೆ. ಆ ಮೊದಲನೆಯ ಗೆರೆ ಎರಡು ಡ್ರೈವ್‌ಗಳ ನಡುವಿನ ಕೇಬಲ್ಲಿನಲ್ಲಿ ತುಂಡಾಗಿದ್ದರೂ ಕೆಳಗಿನ ಡ್ರೈವ್ ಗೊಂದಲಕ್ಕೆ ಬೀಳಬಹುದು.

ಕೇಬಲ್ಲಿನ ಒಂದೊಂದು ಪಿನ್ನಿಗೂ ಮಲ್ಟಿಮೀಟರ್ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದೆ. ಎಲ್ಲಿಯೂ ತುಂಡಿಲ್ಲ, ಪಕ್ಕದ ಪಿನ್ನಿಗೆ ತಾಗಿದ್ದೂ ಇಲ್ಲ. ಬಾಗಿಸಿ, ಅಲುಗಾಡಿಸಿ ನೋಡಿದೆ, ಅದೇ ಉತ್ತರ. ಆಮೇಲೆ ಕೆಳಗಿನ ಡ್ರೈವನ್ನು ನೇರವಾಗಿ ಕಂಟ್ರೋಲರ್‌ಗೆ, ಒಂಟಿಯಾಗಿ, ಟರ್ಮಿನೇಟರ್ ಸಮೇತ ಜೋಡಿಸಿದೆ. ಪ್ಲಗ್ 1. ಓಡಿಟಿಯಲ್ಲಿ 1 ಅಂತ ಕೇಳಿದರೆ ಮೌನ, 0 ಅಂತ ಕೇಳಿದರೆ ಉತ್ತರ. ಮೇಲಿನ ಡ್ರೈವ್ ದಾರಿಯಲ್ಲೇ ಇಲ್ಲದಿದ್ದರೂ ಕಾಯಿಲೆ ಹಾಗೇ ಇದೆ ಅಂದಮೇಲೆ ತಪ್ಪು ಕೆಳಗಿನ ಡ್ರೈವ್‌ನ ಒಳಗೇ ಇದೆ.

ಕೇಬಲ್ಲು ಪರೀಕ್ಷಿಸುವ ಮೊದಲೇ ಹೀಗೆ ಒಂಟಿಯಾಗಿ ಜೋಡಿಸಿ ನೋಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

5. ಪ್ಲಗ್ಗುಗಳ ಅದಲುಬದಲು

ಆರ್‌ಎಲ್ ಡ್ರೈವ್‌ನ ನಂಬರು ಇರುವುದು ಜಂಪರಿನಲ್ಲೂ ಅಲ್ಲ, ರಾಮ್‌ನಲ್ಲೂ ಅಲ್ಲ. ಮುಂದೆ ಕಾಣುವ ರೆಡಿ ದೀಪದ ಪ್ಲಾಸ್ಟಿಕ್ ಪ್ಲಗ್ ಇದೆಯಲ್ಲ, 0ಯಿಂದ 3ರವರೆಗೆ ನಂಬರು ಬರೆದದ್ದು, ಅದೇ ಗುರುತಿನ ಚೀಟಿ. ಅದರ ಹಿಂಭಾಗದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಪ್ಲಗ್ ಒಳತೂರಿಸಿದಾಗ ಆ ಉಬ್ಬುಗಳು ಒಳಗಿನ ಪುಟ್ಟ ಸ್ವಿಚ್ಚುಗಳನ್ನು ಒತ್ತುತ್ತವೆ. ಯಾವ ಸ್ವಿಚ್ ಒತ್ತಲ್ಪಟ್ಟಿತು ಅನ್ನುವುದರ ಮೇಲೆ ಡ್ರೈವ್ ತನ್ನ ನಂಬರು ತಿಳಿದುಕೊಳ್ಳುತ್ತದೆ. ಆಪರೇಟರು ಕೆಲಸ ನಡೆಯುವಾಗಲೇ ಡ್ರೈವ್‌ಗಳ ನಂಬರು ಬದಲಾಯಿಸಿಕೊಳ್ಳಲಿ ಅಂತ ಮಾಡಿದ ಏರ್ಪಾಡು. ನನಗೆ ಇವತ್ತಿಗೂ ಇದು ಜಾಣ ವಿನ್ಯಾಸ ಅನ್ನಿಸುತ್ತದೆ. ಆದರೆ ಉಬ್ಬು ಸವೆದರೆ, ಸ್ವಿಚ್ಚು ಹಿಡಿದರೆ, ಗುರುತೇ ಹೋಯಿತು.

ಮೊದಲು ಪ್ಲಗ್ಗಿನ ಮೇಲೆ ಅನುಮಾನ ಪಟ್ಟು ಎರಡನ್ನೂ ಅದಲುಬದಲು ಮಾಡಿದೆ. ಮೇಲಿನದಕ್ಕೆ 1, ಕೆಳಗಿನದಕ್ಕೆ 0.

ಎಲ್ಲ ಸರಿಯಾಗಿಬಿಟ್ಟಿತು! ಎರಡೂ ತಮ್ಮ ತಮ್ಮ ನಂಬರಿಗೆ ಉತ್ತರ ಕೊಟ್ಟವು, 400 ಮಾಯ. ಪ್ಲಗ್ ಸರಿಯಾಗಿ ಕೂತಿರಲಿಲ್ಲ ಅಂದುಕೊಂಡು ಮೊದಲಿನ ಹಾಗೆ ತಿರುಗಿಸಿ ಹಾಕಿದೆ. ಮತ್ತೆ 635.

ಅಲ್ಲಿಗೆ ಹೊಳೆಯಿತು. ಕೆಳಗಿನ ಡ್ರೈವ್ ಪ್ಲಗ್ 1 ಇದ್ದರೂ 0 ಅನ್ನುತ್ತದೆ, 0 ಇದ್ದರೂ 0 ಅನ್ನುತ್ತದೆ. ನಂಬರಿನ ಒಂದು ಬಿಟ್ಟು (ಬೈನರಿ ಅಂಕಿ) ಸತ್ತಿದೆ. ಡ್ರೈವ್‌ಗಳ ಜೊತೆ ಬಂದಿದ್ದ ಡಬ್ಬಿಯಲ್ಲಿ 2 ಮತ್ತು 3ರ ಪ್ಲಗ್ಗುಗಳೂ ಇದ್ದವು. ಕೆಳಗಿನ ಡ್ರೈವ್‌ಗೆ 2 ಹಾಕಿದೆ: 2ಕ್ಕೆ ಉತ್ತರ. 3 ಹಾಕಿದೆ: 3ಕ್ಕೆ ಮೌನ, 2ಕ್ಕೆ ಉತ್ತರ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಬಿಟ್ 0 ಓದುವ ಸ್ವಿಚ್ಚು ಮುಚ್ಚುತ್ತಿಲ್ಲ. ಬಿಟ್ 1ರದು ಸರಿಯಿದೆ.

ಈ ಡ್ರೈವನ್ನು 2 ಅಂತಲೇ ಬಿಟ್ಟು ಕೆಲಸ ಮುಂದುವರಿಸಬಹುದಿತ್ತು. ಆರ್‌ಟಿ-11ಕ್ಕೆ ನಡುವೆ 1 ಇಲ್ಲದಿದ್ದರೆ ಏನೂ ಬೇಜಾರಿಲ್ಲ. ಆದರೆ ಅರ್ಧ ಸತ್ತ ಸ್ವಿಚ್ಚು ಯಾವತ್ತೋ ಒಂದು ದಿನ, ಬರೆಯುವ ಹೊತ್ತಿನಲ್ಲಿ, ಇನ್ನೇನೋ ಓದಿದರೆ? ಅದಕ್ಕೇ ಬಿಚ್ಚಿದೆ.

6. ಸ್ವಿಚ್ಚು

ಕರೆಂಟು ತೆಗೆದು, ಮುಂದಿನ ಪಟ್ಟಿ ಬಿಚ್ಚಿ, ಪ್ಲಗ್ ಕೂರುವ ಭಾಗವನ್ನು ಹೊರತೆಗೆದೆ. ಸ್ವಿಚ್ಚಿನ ಎರಡು ಕಾಲುಗಳಿಗೆ ಮೀಟರ್ ಹಿಡಿದು ಉಗುರಿನಿಂದ ಒತ್ತಿದೆ. ಸರಿಯಿರುವ ಸ್ವಿಚ್ಚು 0.4 ಓಮ್ ತೋರಿಸಿತು. ಇನ್ನೊಂದು, ಒತ್ತಿದರೂ ಒಮ್ಮೊಮ್ಮೆ ತೆರೆದೇ ಇರುತ್ತಿತ್ತು, ಒಮ್ಮೊಮ್ಮೆ ಸಾವಿರಾರು ಓಮ್. ಕ್ಲಿಕ್ ಅಂತ ಸದ್ದು ಮಾತ್ರ ಚೆನ್ನಾಗಿ ಬರುತ್ತಿತ್ತು. ಸದ್ದು ಕೇಳಿ ಸ್ವಿಚ್ಚು ಸರಿಯಿದೆ ಅಂದುಕೊಳ್ಳುವವರು ಇದನ್ನು ಗಮನಿಸಿ.

ಪ್ಲಗ್ಗುಗಳ ಉಬ್ಬುಗಳನ್ನು ಕ್ಯಾಲಿಪರ್‌ನಲ್ಲಿ ಅಳೆದೆ. ಸವೆತ ಕಾಣಲಿಲ್ಲ.

ಕಾಂಟ್ಯಾಕ್ಟ್ ಕ್ಲೀನರನ್ನು ಗುಂಡಿಯ ಸಂದಿಯಲ್ಲಿ ಒಂದು ಚಿಮ್ಮು ಬಿಟ್ಟು ಬಹಳಷ್ಟು ಸಲ ಒತ್ತಿ ಬಿಟ್ಟೆ. ಓಮ್ ಒಂದರ ಕೆಳಗೆ ಬಂತು. ಜೋಡಿಸಿ ಮುಚ್ಚಿ, ಪ್ಲಗ್ 1 ಹಾಕಿದೆ. 1 ಅಂತ ಓಗೊಟ್ಟಿತು. ಮಾರನೆಯ ದಿನ ಬೆಳಗ್ಗೆ ಮತ್ತೆ 0. ಮುಚ್ಚಿದ ಮೈಕ್ರೋಸ್ವಿಚ್ಚಿಗೆ ಕ್ಲೀನರ್ ಹಾಕುವುದು ಕಾಲಹರಣ ಅನ್ನುವುದು ಈಗ ನನ್ನ ಖಚಿತ ಅಭಿಪ್ರಾಯ. ಒಳಗಿನ ಸಂಪರ್ಕದ ಲೇಪನ ಹೋಗಿದ್ದರೆ ದ್ರವ ಒಣಗುವ ತನಕ ಮಾತ್ರ ಸುಖ.

ಅದೇ ಅಳತೆಯ, ಕಾಲುಗಳ ನಡುವೆ ಅಷ್ಟೇ ಅಂತರವಿರುವ ಪುಟ್ಟ ಮೈಕ್ರೋಸ್ವಿಚ್ಚು ತರಿಸಿದೆ. ಹಳೆಯ ವೈರುಗಳನ್ನು ಬಿಡಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಮೂರು ಕಾಲುಗಳಲ್ಲಿ ಸಾಮಾನ್ಯ ಕಾಲು ಹೊಸದರಲ್ಲೂ ಅದೇ ಕಡೆ ಇರಬೇಕೆಂದಿಲ್ಲ, ನನ್ನದರಲ್ಲಿ ಇರಲಿಲ್ಲ. ಬಿಸುಗೆ ಹಾಕಿ, ಸ್ಕ್ರೂ ಬಿಗಿದು, ಪ್ಲಗ್ಗಿನ ಉಬ್ಬು ಗುಂಡಿಯನ್ನು ಪೂರ್ತಿ ಒತ್ತುತ್ತಿದೆಯೇ ಅಂತ ಮೀಟರ್ ಹಚ್ಚಿಯೇ ನೋಡಿ ಮುಚ್ಚಿದೆ. 0, 1, 2, 3, ನಾಲ್ಕೂ ಪ್ಲಗ್ಗಿಗೆ ನಾಲ್ಕೂ ಸರಿಯಾದ ಉತ್ತರ.

7. 010

ಇಲ್ಲಿಗೆ ಮುಗಿಯಬೇಕಿತ್ತು. ಎರಡೂ ಡ್ರೈವ್ ಸೇರಿಸಿ, ಕೆಳಗಿನದಕ್ಕೆ ಪ್ಯಾಕ್ ಹಾಕುವ ಮೊದಲು ಒಮ್ಮೆ ಸ್ಥಿತಿ ಕೇಳಿದೆ. 1ರ ಉತ್ತರ: 000010.

ಪ್ಯಾಕ್ ಇಲ್ಲದೆ ಸುಮ್ಮನೆ ಕೂತ ಆರ್‌ಎಲ್02 ಕೊಡಬೇಕಾದದ್ದು 000210. ಬ್ರಷ್ಷಿನ 10, ಮತ್ತು ಆರ್‌ಎಲ್02 ಅನ್ನುವ 200. ಇಲ್ಲಿ 200 ನಾಪತ್ತೆ. ಇಲ್ಲಿಯವರೆಗೆ ನಾನು ಕೆಳಗಿನ ಡ್ರೈವ್ ಉತ್ತರ ಕೊಡುತ್ತದೋ ಇಲ್ಲವೋ ಅಂತ ಮಾತ್ರ ನೋಡುತ್ತಿದ್ದೆ, ಏನು ಉತ್ತರ ಕೊಡುತ್ತದೆ ಅಂತ ಓದಿರಲಿಲ್ಲ.

ಒಂದು ಬಿಟ್ಟು ಸತ್ತ ಕಥೆ ಈಗಷ್ಟೇ ಮುಗಿಸಿದ್ದರಿಂದ ಇದೂ ಅದೇ ಜಾತಿಯದು ಅನ್ನಿಸಿತು. ಸ್ಥಿತಿಯ ಪದ ಡ್ರೈವ್‌ನಿಂದ ಒಂದೊಂದೇ ಬಿಟ್ಟಾಗಿ ಸಾಲಾಗಿ ಬರುತ್ತದೆ. ಹಾದಿಯಲ್ಲಿ ಎಲ್ಲೋ ಒಂದು ಚಿಪ್ಪು ಏಳನೇ ಬಿಟ್ಟನ್ನು, ಅಂದರೆ ಆ 200ನ್ನು, ನುಂಗುತ್ತಿದೆ ಅಂದುಕೊಂಡು ಲಾಜಿಕ್ ಬೋರ್ಡಿನ ನಕ್ಷೆ ಹರಡಿಕೊಂಡು ಕೂತೆ. ಕೇಬಲ್ ಬದಲಾಯಿಸಿದೆ, ಪ್ಲಗ್ ಬದಲಾಯಿಸಿದೆ. ನಂಬರು ಯಾವುದೇ ಇರಲಿ, 010 ಆ ಡ್ರೈವನ್ನೇ ಹಿಂಬಾಲಿಸುತ್ತಿತ್ತು. ಮುಚ್ಚಳ ತೆರೆದು ಕೇಳಿದರೆ 050, ಅಂದರೆ ಮುಚ್ಚಳದ 40 ಸರಿಯಾಗಿ ಸೇರುತ್ತಿದೆ. ಉಳಿದ ಬಿಟ್ಟುಗಳೆಲ್ಲ ಆರೋಗ್ಯವಾಗಿವೆ.

ಚಿಕ್ಕಪ್ಪನಿಗೆ ಹೇಳಿದರೆ ಜೋರಾಗಿ ನಕ್ಕರು.

"ಹಿಂದಿನ ತಗಡು ಓದಿದ್ಯೇನೋ?"

"ಮುಂದೆ ಆರ್‌ಎಲ್02 ಅಂತ ಇದೆಯಲ್ಲ ಚಿಕ್ಕಪ್ಪ."

"ಮುಂದಿನ ಪಟ್ಟಿ ನಾಲ್ಕು ಸ್ಕ್ರೂ ಕಣೋ. ಒಡೆದುಹೋದ್ರೆ ಗೋಡೌನಲ್ಲಿ ಯಾವುದು ಸಿಕ್ತೋ ಅದನ್ನ ಹಾಕಿ ಬರ್ತಿದ್ವಿ. ನಿನ್ನ ಅಮೆರಿಕದವರು ಬೇರೆ ಥರ ಮಾಡಿರ್ತಾರಾ?"

ರಾಕ್ ಹಿಂದೆ ನುಸುಳಿ ಟಾರ್ಚ್ ಹಿಡಿದೆ. ಧೂಳು ಒರೆಸಿದ ಮೇಲೆ ಕಂಡದ್ದು: ಆರ್‌ಎಲ್01. ಡ್ರೈವ್ ಮೊದಲಿಂದಲೂ ನಿಜವನ್ನೇ ಹೇಳುತ್ತಿತ್ತು. ಏಳನೇ ಬಿಟ್ಟು 0 ಅಂದರೆ ಆರ್‌ಎಲ್01, 1 ಅಂದರೆ ಆರ್‌ಎಲ್02, ಅಷ್ಟೇ. ಆರ್‌ಟಿ-11 ಕೂಡ ಆ ಬಿಟ್ಟನ್ನು ನೋಡಿಯೇ ಡಿಸ್ಕಿನ ಅಳತೆ ತೀರ್ಮಾನಿಸುತ್ತದೆ: ಆರ್‌ಎಲ್02 ಆದರೆ 20,450 ಬ್ಲಾಕು, ಆರ್‌ಎಲ್01 ಆದರೆ 10,210.

ಲಾಜಿಕ್ ಬೋರ್ಡಿಗೆ ಬಿಸುಗೆ ಕಡ್ಡಿ ಮುಟ್ಟಿಸಿರಲಿಲ್ಲ, ಪುಣ್ಯ.

8. ಈಗಿನ ಸ್ಥಿತಿ, ಖರ್ಚು

ಒಂದೇ ಕಂಟ್ರೋಲರ್‌ಗೆ ಆರ್‌ಎಲ್01, ಆರ್‌ಎಲ್02 ಎರಡನ್ನೂ ಬೆರೆಸಿ ಹಾಕಬಹುದು. ಅದಕ್ಕೆ ಅಡ್ಡಿಯಿಲ್ಲ. ಮೇಲಿನದು 0, 235 ಕೊಡುತ್ತದೆ, ಬೂಟ್ ಆಗುತ್ತದೆ. ಕೆಳಗಿನದು 1, 010 ಕೊಡುತ್ತಾ ಖಾಲಿ ಕೂತಿದೆ. ಯಾಕೆಂದರೆ ನನ್ನ ಹತ್ತಿರವಿರುವ ಪ್ಯಾಕುಗಳೆಲ್ಲ ಆರ್‌ಎಲ್02ರವು. ಆರ್‌ಎಲ್01ರಲ್ಲಿ ಒಂದು ಮೇಲ್ಮೈಗೆ 256 ಟ್ರ್ಯಾಕು, ಇಂಚಿಗೆ 125. ಆರ್‌ಎಲ್02ರಲ್ಲಿ 512, ಇಂಚಿಗೆ 250. ಒಂದರ ಪ್ಯಾಕು ಇನ್ನೊಂದಕ್ಕೆ ಹೊಂದುವುದಿಲ್ಲ. ಮನೆಯಲ್ಲಿ ಫಾರ್ಮ್ಯಾಟ್ ಮಾಡಿ ಬದಲಾಯಿಸಲೂ ಆಗುವುದಿಲ್ಲ. ಹೆಡ್ಡಿಗೆ ದಾರಿ ತೋರಿಸುವ ಸರ್ವೋ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ, ಡ್ರೈವ್‌ಗೆ ಅವನ್ನು ಬರೆಯುವ ಶಕ್ತಿಯಿಲ್ಲ. ಯಾರಾದರೂ ಅಯಸ್ಕಾಂತ ಹಿಡಿದು ಪ್ಯಾಕನ್ನು ಪೂರ್ತಿ ಅಳಿಸಿದ್ದರೆ ಅದು ಇನ್ನು ತಟ್ಟೆಯಷ್ಟೇ.

ಖರ್ಚು: ವ್ಯಾನ್ ಬಾಡಿಗೆ 68 ಡಾಲರ್, ಕಾಂಟ್ಯಾಕ್ಟ್ ಕ್ಲೀನರ್ 16 (ದಂಡ), ಆಲ್ಕೋಹಾಲ್ ಮತ್ತು ಸ್ವಾಬ್ 11, ಐದು ಮೈಕ್ರೋಸ್ವಿಚ್ಚಿನ ಪೊಟ್ಟಣ 9. ಉಳಿದ ನಾಲ್ಕನ್ನು ಡಬ್ಬಿಯಲ್ಲಿ ಇಟ್ಟಿದ್ದೇನೆ, ಮೇಲಿನ ಡ್ರೈವ್‌ನ ಸ್ವಿಚ್ಚಿಗೂ ಅಷ್ಟೇ ವಯಸ್ಸು. ಕೆಳಗಿನ ಡ್ರೈವ್‌ನ ಮುಂದಿನ ಪಟ್ಟಿಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ 01 ಅಂತ ದಪ್ಪಗೆ ಬರೆದಿದ್ದೇನೆ.

ಈಗ ಆರ್‌ಎಲ್01ಕೆ, ಅಂದರೆ ಆರ್‌ಎಲ್01ಕ್ಕೆ ಹೊಂದುವ ಪ್ಯಾಕ್, ಹುಡುಕುತ್ತಿದ್ದೇನೆ. ಹೊರಗಿನ ಪ್ಲಾಸ್ಟಿಕ್ ಚಿಪ್ಪು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಮಾರುವವರಿಗೂ ಎಷ್ಟೋ ಸಲ ವ್ಯತ್ಯಾಸ ಗೊತ್ತಿರುವುದಿಲ್ಲ. ಹಾಗಾಗಿ ದುಡ್ಡು ಕಳಿಸುವ ಮೊದಲು ಪ್ಯಾಕಿನ ಮೇಲಿನ ಚೀಟಿಯ ಫೋಟೋ ಕೇಳುತ್ತಿದ್ದೇನೆ. ಬಂದ ಫೋಟೋಗಳಲ್ಲಿ ಇಲ್ಲಿಯವರೆಗೆ ಎಲ್ಲವೂ 02.